ಎಷ್ಟು ಹಳೆಯದು ಎಂದು ಕೇಳುವ ಮೊದಲು

ಹೋದ ವರ್ಷ ನಮ್ಮ ದೊಡ್ಡಪ್ಪನ ಮಗ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ. ಹಾಲ್‌ನಲ್ಲಿ ಎರಡು ಹಳೆಯ ಕೆತ್ತನೆ ಕಂಬ ನಿಲ್ಲಿಸಬೇಕು ಎಂಬುದು ಅವನ ಆಸೆ. ಸಾಗರದ ಹತ್ತಿರದ ನಮ್ಮ ಅಜ್ಜನ ಮನೆಯ ಜಗಲಿಯಲ್ಲಿ ಅಂಥ ಕಂಬಗಳಿದ್ದವು. ಚಿಕ್ಕವರಿದ್ದಾಗ ಅವುಗಳನ್ನು ಹಿಡಿದು ಗಿರಗಿರ ಸುತ್ತಿ ಆಡಿದವರು ನಾವು. ಆ ಮನೆ ಬಿಚ್ಚಿದಾಗ ಕಂಬಗಳು ಯಾರ ಪಾಲಾದವೋ ಗೊತ್ತಿಲ್ಲ. ಅದೇ ನೆನಪಲ್ಲಿ, ಹಳೆ ಮನೆಗಳ ಮರ ಮಾರುವ ಒಂದು ಅಂಗಡಿಗೆ ಹೋದೆವು. ಮನೆಯ ಮರಗೆಲಸ ಮಾಡುತ್ತಿದ್ದ ಆಚಾರ್ರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆವು.

ಅಂಗಡಿಯವರು ಒಂದು ಕಂಬ ತೋರಿಸಿ, “ಮುನ್ನೂರು ವರ್ಷದ್ದು ಸಾರ್, ಕೆಳದಿ ಅರಸರ ಕಾಲದ್ದು” ಎಂದರು. ಬೆಲೆಯನ್ನೂ ಅದೇ ಗತ್ತಿನಲ್ಲಿ ಹೇಳಿದರು. ಆಚಾರ್ರು ಏನೂ ಮಾತಾಡದೆ ಕಂಬವನ್ನು ಮಗ್ಗುಲಿಗೆ ಹೊರಳಿಸಿದರು. ಗೋಡೆಗೆ ಆತು ನಿಲ್ಲುವ, ಕೆತ್ತನೆ ಇಲ್ಲದ ಬದಿಗೆ ಟಾರ್ಚ್ ಹಿಡಿದರು. ಬಿಲ್ಲಿನ ಹಾಗೆ ಬಾಗಿದ ಗೀರುಗಳು ಒಂದರ ಪಕ್ಕ ಒಂದು ಸಾಲಾಗಿ ಕಂಡವು. “ಇದು ಮಿಲ್ಲಿನಲ್ಲಿ ಕೊಯ್ದ ಮರ. ಕೆಳದಿ ಅರಸರ ಕಾಲದಲ್ಲಿ ಮಿಲ್ಲೆಲ್ಲಿತ್ತು?” ಎಂದರು. ಮರ ಚೆನ್ನಾಗಿತ್ತು, ಕೆತ್ತನೆಯೂ ಚೆನ್ನಾಗಿತ್ತು. ಹೇಳಿದ ಕತೆ ಮಾತ್ರ ಅದಕ್ಕೆ ಸೇರಿದ್ದಲ್ಲ.

ಅವತ್ತಿನಿಂದ ಈ ವಿಷಯದಲ್ಲಿ ಯಾರು ಏನು ಕೇಳಿದರೂ ನಾನು ಒಂದೇ ಮಾತು ಹೇಳುತ್ತೇನೆ. ಎಷ್ಟು ಹಳೆಯದು ಎಂದು ಕೇಳುವ ಮೊದಲು, ಎಲ್ಲಿಂದ ಬಂತು ಎಂದು ಕೇಳಿ. ವಯಸ್ಸಿನ ಬಗ್ಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಯಾವ ಊರು, ಯಾವ ಮನೆ, ಯಾವಾಗ ಬಿಚ್ಚಿದ್ದು, ಯಾರು ಕೊಟ್ಟರು ಎಂದು ಕೇಳಿದರೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ವಯಸ್ಸಿನ ಜೊತೆ ಕಾನೂನು ಅದನ್ನೂ ಕೇಳುತ್ತದೆ. ಒಂದು ಕೆತ್ತನೆಯ ನಿಜವಾದ ಅರ್ಥ ಇರುವುದೂ ಅಲ್ಲೇ.

ಕಾನೂನಿನ ಲೆಕ್ಕ

ಪೇಟೆಯಲ್ಲಿ ಹಳೆಯದಾಗಿ ಕಾಣುವ ಎಲ್ಲದಕ್ಕೂ ‘ಆಂಟಿಕ್’ ಎನ್ನುತ್ತಾರೆ. ಕಾನೂನಿನಲ್ಲಿ ಅದಕ್ಕೆ ಒಂದು ಗೆರೆ ಇದೆ. ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯ್ದೆ 1972ರಲ್ಲಿ ಬಂತು, 1976ರಲ್ಲಿ ಜಾರಿಯಾಯಿತು. ಅದರ ಪ್ರಕಾರ ನೂರು ವರ್ಷ ತುಂಬಿದ ಶಿಲ್ಪ, ಚಿತ್ರ, ಶಾಸನ, ನಾಣ್ಯ, ಕುಶಲ ಕೆಲಸದ ವಸ್ತು ಎಲ್ಲವೂ ಪುರಾತನ ವಸ್ತು. ಹಸ್ತಪ್ರತಿಗಾದರೆ ಎಪ್ಪತ್ತೈದು ವರ್ಷ ಸಾಕು. ಮಲೆನಾಡಿನವರು ಗಮನಿಸಬೇಕಾದ ಇನ್ನೊಂದು ಮಾತು ಅದರಲ್ಲಿದೆ. ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಈ ಲೆಕ್ಕಕ್ಕೆ ಬರುತ್ತದೆ. ಅಂದರೆ ಮುತ್ತಜ್ಜನ ಮನೆಯಿಂದ ಬಿಚ್ಚಿದ ಗಜಲಕ್ಷ್ಮಿ ಕೆತ್ತಿದ ಬಾಗಿಲವಾಡಕ್ಕೆ ನೂರು ವರ್ಷ ಆಗಿದ್ದರೆ ಅದೂ ಪುರಾತನ ವಸ್ತುವೇ.

ಹಾಗಂತ ಗಾಬರಿ ಬೇಡ. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಕಾಯ್ದೆ ತಡೆಯುವುದು ಬೇರೆ ಸಂಗತಿಗಳನ್ನು. ಖಾಸಗಿಯವರು ಇಂಥ ವಸ್ತುವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳ ಮನೆಗೆಂದು ಅಜ್ಜಿಯ ಕಾಲದ, ನೂರು ವರ್ಷ ತುಂಬಿದ ವಿಗ್ರಹವನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿದರೂ ಅದು ಅಪರಾಧವೇ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಇನ್ನು ಪುರಾತನ ವಸ್ತುಗಳನ್ನು ಮಾರುವ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಲೇಬೇಕು. ಕಲ್ಲು, ಲೋಹ, ಸುಟ್ಟ ಮಣ್ಣು, ಮರದ ಹಳೆಯ ಶಿಲ್ಪಗಳಂಥ ಕೆಲವು ಬಗೆಯ ವಸ್ತುಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಫೋಟೋ ಮತ್ತು ವಿವರ ಕೊಟ್ಟರೆ ನೋಂದಣಿ ಅಧಿಕಾರಿಯಿಂದ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ಕೈ ಬದಲಾದರೆ ಅದನ್ನೂ ತಿಳಿಸಬೇಕು.

ಆದ್ದರಿಂದ ಯಾರಾದರೂ “ಇದು ಮುನ್ನೂರು ವರ್ಷದ ವಿಗ್ರಹ” ಎಂದರೆ, “ನೋಂದಣಿ ಪತ್ರ ತೋರಿಸಿ” ಎನ್ನಿ. ಒಂದೋ ಪತ್ರ ಬರುತ್ತದೆ, ಇಲ್ಲವೇ ವಸ್ತುವಿನ ವಯಸ್ಸು ಅಲ್ಲೇ ಕಡಿಮೆಯಾಗುತ್ತದೆ. ಎರಡೂ ಆಗದೆ “ಸುಮ್ನೆ ತಗೊಳ್ಳಿ, ಯಾರಿಗೂ ಹೇಳಬೇಡಿ” ಎಂದರೆ ಎದ್ದು ಬಂದುಬಿಡಿ.

ನೆಲದಲ್ಲಿ ಸಿಕ್ಕಿದ್ದರ ಲೆಕ್ಕ ಬೇರೆ. ತೋಟಕ್ಕೆ ಅಗಳ ತೆಗೆಯುವಾಗ, ಬಾವಿ ತೋಡುವಾಗ ನಮ್ಮ ಕಡೆ ಮೂರ್ತಿಗಳು ಸಿಗುವುದುಂಟು. ನನ್ನ ಜಾಗದಲ್ಲಿ ಸಿಕ್ಕಿದ್ದು, ನನ್ನದೇ ಎಂದುಕೊಳ್ಳುವವರು ಜಾಸ್ತಿ. ಆದರೆ ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ. ಭೂಮಿಯಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮನೆಗೆ ತಂದು ತೊಳೆದು ಷೋಕೇಸಿನಲ್ಲಿ ಇಡುವುದಲ್ಲ.

ದಂತದ ಕೆತ್ತನೆ ಬಗ್ಗೆ ಒಂದೇ ಮಾತು: ಕೊಳ್ಳಬೇಡಿ, ಮಾರಬೇಡಿ. ವನ್ಯಜೀವಿ ಕಾಯ್ದೆಯಡಿ ಅದರ ವ್ಯಾಪಾರಕ್ಕೆ ನಿಷೇಧವಿದೆ.

ಮರ ತಾನೇ ಹೇಳುತ್ತದೆ

ನಮ್ಮಲ್ಲಿ ಮರದ ಕೆಲಸವೇ ಜಾಸ್ತಿ ಸಿಗುವುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮಲೆನಾಡಿನ ಹಳೆಯ ಮನೆಯಲ್ಲಿ ಕೆತ್ತನೆ ಎಲ್ಲೆಂದರಲ್ಲಿ ಇರುತ್ತಿರಲಿಲ್ಲ. ಮುಂಬಾಗಿಲ ವಾಡ, ಜಗಲಿಯ ಕಂಬ, ಕಂಬದ ಮೇಲಿನ ಬೋದಿಗೆ, ದೇವರ ಮನೆ ಬಾಗಿಲು, ಹೆಚ್ಚೆಂದರೆ ಒಂದು ಪೆಟ್ಟಿಗೆ. ಬಂದವರ ಕಣ್ಣಿಗೆ ಬೀಳುವ ಕಡೆ ಮಾತ್ರ ಉಳಿ ಆಡುತ್ತಿತ್ತು. ಹಲಸು, ತೇಗ, ಬೀಟೆ, ಹೊನ್ನೆ ಈ ಕೆಲಸದ ಮರಗಳು. ಹಲಸು ಹೊಸದರಲ್ಲಿ ಹಳದಿ. ವರ್ಷ ಕಳೆದಂತೆ ಕೆಂಪು ತಿರುಗಿ ಕಂದಾಗುತ್ತದೆ. ಆ ಬಣ್ಣ ಬರೀ ಮೇಲ್ಮೈಯಲ್ಲಿ ಇದ್ದು, ಕಾಣದ ಮೂಲೆಯಲ್ಲಿ ಉಗುರು ತಾಗಿಸಿದರೆ ಕೆಳಗೆ ಹಸಿ ಹಳದಿ ಕಂಡರೆ ಬಣ್ಣ ಹಚ್ಚಿರಬಹುದು ಎಂದು ಅನುಮಾನಪಡಿ.

ಆಚಾರ್ರು ಹೇಳಿಕೊಟ್ಟಿದ್ದು ಇದು: ಮುಖ ನೋಡಬೇಡಿ, ಬೆನ್ನು ನೋಡಿ. ಹಳೆ ಕಾಲದಲ್ಲಿ ಮರವನ್ನು ಬಾಚಿಯಲ್ಲಿ, ಅಂದರೆ ಅಡ್ಡ ಅಲಗಿನ ಕೈಕೊಡಲಿಯಲ್ಲಿ, ಕೆತ್ತಿ ಹದ ಮಾಡುತ್ತಿದ್ದರು. ಬೆನ್ನಿನ ಬದಿಯಲ್ಲಿ ಆ ಬಾಚಿಯ ಏಟುಗಳು ಚಿಕ್ಕ ಚಿಕ್ಕ ತಗ್ಗುಗಳಾಗಿ ಉಳಿದಿರುತ್ತವೆ. ಕೈಗರಗಸದ ಗೀರು ನೇರವಾಗಿದ್ದರೂ ಒಂದಕ್ಕೊಂದು ಸಮ ಇರುವುದಿಲ್ಲ. ಮಿಲ್ಲಿನ ದುಂಡು ಗರಗಸದ ಗೀರು ಮಾತ್ರ ಬಾಗಿರುತ್ತದೆ, ಅಂತರವೂ ಸಮ. ಹಳೆಯ ಕೆಲಸದಲ್ಲಿ ಮರದ ತುಂಡುಗಳನ್ನು ಒಂದರ ತೂತಿಗೆ ಇನ್ನೊಂದರ ತುದಿ ಕೂರಿಸಿ, ಮರದ ಮೊಳೆ ಹೊಡೆದು ಜೋಡಿಸಿರುತ್ತಾರೆ. ಕೆತ್ತನೆಯ ನಡುವೆ ದುಂಡು ತಲೆಯ ತಂತಿ ಮೊಳೆಯೋ ಸ್ಕ್ರೂನೋ ಕಂಡರೆ, ಅದು ಆಮೇಲಿನ ರಿಪೇರಿಯೇ, ಮೂಲ ಕೆಲಸವೇ ಎಂದು ಕೇಳಬೇಕು.

ಸವೆತವನ್ನೂ ನೋಡಿ. ನಿಜವಾದ ಸವೆತಕ್ಕೆ ಒಂದು ಕಾರಣ ಇರುತ್ತದೆ. ಜಗಲಿ ಕಂಬವಾದರೆ ಕೈ ಹಿಡಿಯುವ ಎತ್ತರದಲ್ಲಿ, ಬೆನ್ನು ಆನಿಸಿ ಕೂರುವ ಎತ್ತರದಲ್ಲಿ ನುಣುಪಾಗಿರುತ್ತದೆ. ಹೊಸ್ತಿಲಾದರೆ ನಡುವೆ ತಗ್ಗಾಗಿರುತ್ತದೆ. ಮಳೆ ಎರಚಲು ಹೊಡೆಯುವ ಬದಿ ಒರಟಾಗಿ, ಒಳಬದಿ ಹೊಗೆ ಹಿಡಿದು ಕಪ್ಪಗೆ ಹೊಳೆಯುತ್ತಿರುತ್ತದೆ. ಎಲ್ಲಾ ಕಡೆಯೂ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ. ಹುಳು ಕೊರೆದ ತೂತುಗಳಿಗೂ ಇದೇ ಮಾತು. ಕುಟ್ಟೆ ಹುಳು ಒಳಗೆ ಅಂಕುಡೊಂಕಾಗಿ ಕೊರೆಯುತ್ತದೆ. ಹೊರಗೆ ಕಾಣುವುದು ಅದು ಹೊರಬಂದ ಬಾಗಿಲು ಮಾತ್ರ. ತೂತಿಗೆ ಸೂಜಿ ಹಾಕಿದರೆ ಸ್ವಲ್ಪದರಲ್ಲೇ ತಡೆಯಬೇಕು. ಪ್ರತಿ ತೂತಿನಲ್ಲೂ ಸೂಜಿ ನೆಟ್ಟಗೆ ಇಳಿದರೆ ಯಾರೋ ಡ್ರಿಲ್ ಹಿಡಿದಿದ್ದಾರೆ.

ಇದೂ ಒಂದು ಗುಟ್ಟು. ದುಂಡಗೆ ಕಡೆದ ಹಳೆಯ ಮರ ಒಣಗುತ್ತಾ ಒಂದು ದಿಕ್ಕಿಗೆ ಜಾಸ್ತಿ ಕುಗ್ಗುತ್ತದೆ. ಹಳೆಯ ಬಟ್ಟಲು, ಕಂಬದ ಗುಂಡು ಭಾಗ ಇವನ್ನು ಎರಡು ಕಡೆಯಿಂದ ಅಳೆದರೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಸಿಗುವುದು ಸಾಮಾನ್ಯ. ಪಕ್ಕಾ ದುಂಡಾಗಿದ್ದರೆ ಸ್ವಲ್ಪ ಅನುಮಾನಪಡಿ.

ಲ್ಯಾಬಿಗೆ ಕಳಿಸಿದರೆ ವಯಸ್ಸು ಗೊತ್ತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಾರ್ಬನ್ ಪರೀಕ್ಷೆ ಹೇಳುವುದು ಆ ಮರದ ತುಂಡು ಯಾವಾಗ ಬೆಳೆದದ್ದು ಎಂಬುದನ್ನು, ಯಾವಾಗ ಕೆತ್ತಿದ್ದು ಎಂಬುದನ್ನಲ್ಲ. ಹಳೆಯ ತೊಲೆಯ ಮೇಲೆ ನಿನ್ನೆ ಕೆತ್ತಿದ ಗಣಪತಿಯೂ ಆ ಪರೀಕ್ಷೆಯಲ್ಲಿ ಹಳಬನೇ! ಕಲ್ಲಿಗಂತೂ ಆ ಪರೀಕ್ಷೆ ಆಗುವುದೇ ಇಲ್ಲ. ಸುಟ್ಟ ಮಣ್ಣಿನ ಗೊಂಬೆಗೆ ಬೇರೆ ಪರೀಕ್ಷೆ ಇದೆ, ಅದು ಕೊನೆಯ ಸಲ ಯಾವಾಗ ಬೆಂಕಿ ಕಂಡಿತು ಎಂದು ಹೇಳಬಲ್ಲದು. ಹಾಗಾಗಿ ಮರ, ಕಲ್ಲಿನ ವಿಷಯದಲ್ಲಿ ಕೊನೆಗೂ ನಂಬಬೇಕಾದ್ದು ಕಣ್ಣು, ಕೈ, ಮತ್ತೆ ಎಲ್ಲಿಂದ ಬಂತು ಎಂಬ ಪ್ರಶ್ನೆ.

ಆ ಪ್ರಶ್ನೆಗೆ ಒಳ್ಳೆಯ ಉತ್ತರ ಹೇಗಿರುತ್ತದೆ ಗೊತ್ತಾ? ನಮ್ಮ ಅತ್ತೆಯ ಮನೆಯಲ್ಲಿ ಒಂದು ಬಾಗಿಲವಾಡ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅವರ ಊರು ಶರಾವತಿ ಹಿನ್ನೀರಿನ ಪಾಲಾಯಿತು. ಮನೆ ಬಿಚ್ಚಿ, ಗಾಡಿ ಹೊಡೆದುಕೊಂಡು ಬಂದಾಗ ತಂದ ಮರ ಅದು. ಮೂಲ ಮನೆಯಲ್ಲಿ ಅದು ಯಾವ ದಿಕ್ಕಿಗಿತ್ತು ಎಂಬುದನ್ನೂ ಅತ್ತೆ ಹೇಳುತ್ತಾರೆ. ಕೆತ್ತನೆ ಸಾಧಾರಣ, ಎರಡು ಗಿಳಿ, ಒಂದು ಬಳ್ಳಿ ಅಷ್ಟೇ. ಆದರೆ ಆ ಮನೆ ಇದ್ದ ನೆಲದ ಮೇಲೆ ಈಗ ನೀರಿದೆ. ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ಕಲ್ಲನ್ನು ಅದರ ಜಾಗದಲ್ಲೇ ಬಿಡಿ

ಕಲ್ಲಿನ ಶಿಲ್ಪದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಹಳೆಯ ಕಲ್ಲಿನ ಮೂರ್ತಿಯನ್ನು ಮನೆಯ ಅಲಂಕಾರಕ್ಕೆ ಕೊಳ್ಳಬೇಡಿ. ಯಾಕೆಂದರೆ ಹಳೆಯ ಮನೆಗಳಲ್ಲಿ ಕಲ್ಲಿನ ಶಿಲ್ಪ ಇರುತ್ತಿದ್ದುದೇ ಕಡಿಮೆ. ಕಲ್ಲಿನ ಮೂರ್ತಿ ಮಾರಾಟಕ್ಕೆ ಬಂದಿದೆ ಎಂದರೆ ಅದು ಬಹುಮಟ್ಟಿಗೆ ಯಾವುದೋ ಗುಡಿಯದ್ದೋ, ಬಸದಿಯದ್ದೋ, ಊರ ಹೊರಗಿನ ಹೊಲದ್ದೋ ಆಗಿರುತ್ತದೆ.

ಕಾದಾಡಿ ಸತ್ತ ವೀರನ ನೆನಪಿಗೆ ನೆಟ್ಟ ವೀರಗಲ್ಲನ್ನೇ ತೆಗೆದುಕೊಳ್ಳಿ. ಶಿಕಾರಿಪುರ, ಸೊರಬ, ಸಾಗರದ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಪಕ್ಕ, ಗದ್ದೆ ಬದುವಿನಲ್ಲಿ ಇವು ನಿಂತಿರುತ್ತವೆ. ನೋಡುವುದು ಗೊತ್ತಿದ್ದರೆ ಒಂದೊಂದೂ ಒಂದು ಕತೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಜಗಳ: ಬಿಲ್ಲು, ಕತ್ತಿ, ಒಮ್ಮೊಮ್ಮೆ ದನಗಳು. ದನಗಳಿದ್ದರೆ ಅವನು ಊರ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಇವನ ಹೆಸರಿರಲಿ ಎಂದು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದರೆ ಅವನ ಹೆಸರು, ಊರು, ಕಾಲ ಸಿಗಬಹುದು. ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು, ಸತಿಯಾದವಳ ಗುರುತು.

ಈಗ ಆ ಕಲ್ಲನ್ನು ಕಿತ್ತು ಯಾರದೋ ಬಂಗಲೆಯ ಹುಲ್ಲುಹಾಸಿನಲ್ಲಿ ಲೈಟು ಹಾಕಿ ನಿಲ್ಲಿಸಿದರೆ ಏನಾಗುತ್ತದೆ? ಯಾವ ಕೆರೆ, ಯಾವ ಗಡಿ, ಯಾವ ಊರಿಗಾಗಿ ಅವನು ಸತ್ತ ಎಂಬುದು ಅಲ್ಲಿಗೆ ಮುಗಿಯಿತು. ಒಂದು ಊರಿಗೆ ಸೇರಿದ ಪುಟ ಹರಿದುಹೋಯಿತು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಬಳ್ಳಿಗಾವಿಯನ್ನು ನೋಡಿ. ಶಿಕಾರಿಪುರ ತಾಲ್ಲೂಕಿನ ಈ ಊರಲ್ಲಿ 1047ರ ಗಂಡಭೇರುಂಡ ಕಂಬ ಇದೆ, ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳಿವೆ. ಬೇಲೂರಿನ ಮದನಿಕೆಯರಲ್ಲಿ ಕೆಲವರನ್ನು ಕೆತ್ತಿದ ದಾಸೋಜ ಮತ್ತು ಅವನ ಮಗ ಚಾವಣ ಇದೇ ಬಳ್ಳಿಗಾವಿಯವರು. ಅದು ನಮಗೆ ಹೇಗೆ ಗೊತ್ತಾಯಿತು? ಶಿಲ್ಪದ ಬುಡದಲ್ಲಿ ಅವರು ಹೆಸರು ಬರೆದರು, ಆ ಶಿಲ್ಪ ಅದರ ಜಾಗದಲ್ಲೇ ಉಳಿಯಿತು. ಅಷ್ಟಕ್ಕೇ ಗೊತ್ತಾಯಿತು.

ಕಲ್ಲು ಗುರುತಿಸುವುದನ್ನು ಕಲಿಯಲು ಕೊಳ್ಳಬೇಕಾಗಿಲ್ಲ. ಹೊಯ್ಸಳರ ಕೆಲಸ ಬಹುಪಾಲು ಬಳಪದ ಕಲ್ಲಿನಲ್ಲಿದೆ. ಗಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಒಡವೆಯ ಮಣಿಯನ್ನೂ ಬಿಡಿಬಿಡಿಯಾಗಿ ಕೆತ್ತಲು ಆಗಿದ್ದು ಅದರಿಂದಲೇ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಗ್ರಾನೈಟಿನದ್ದು. ಆ ಕಲ್ಲು ಅಷ್ಟು ಬಾಗುವುದಿಲ್ಲ, ಅದಕ್ಕೇ ಅಲ್ಲಿನ ಗಾಂಭೀರ್ಯ ಬೇರೆ. ಗ್ರಾನೈಟಿನ ಮೂರ್ತಿ ತೋರಿಸಿ ಯಾರಾದರೂ ಹೊಯ್ಸಳ ಎಂದರೆ ಅನುಮಾನ ಬರಬೇಕು. ಹೊಸ ಕಲ್ಲನ್ನು ಹಳೆಯದು ಮಾಡಲು ಆಸಿಡ್ ಹಚ್ಚುತ್ತಾರೆ, ಮಣ್ಣಲ್ಲಿ ಹೂಳುತ್ತಾರೆ. ಆದರೆ ಕಲ್ಲುಹೂವನ್ನು ಹಾಗೆ ಬೆಳೆಸಲಾಗದು. ಉಳಿಯ ಗೀರಿನ ಒಳಗೂ ಹಬ್ಬಿ, ಕಲ್ಲಿಗೇ ಕಚ್ಚಿಕೊಂಡಿದ್ದರೆ ಅದು ವರ್ಷಗಟ್ಟಲೆಯ ಬೆಳವಣಿಗೆ. ಮೂಲೆಗಳಲ್ಲಿ ತೆಳ್ಳಗಿನ ನೇರ ಕಚ್ಚು ಕಂಡರೆ ಅದು ಗ್ರೈಂಡರಿನ ಗುರುತು.

ಶಿವಮೊಗ್ಗದಲ್ಲೇ ತುಂಗೆಯ ದಡದ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಹೋಗಿ. ಅಂಗಳದಲ್ಲಿ ವೀರಗಲ್ಲುಗಳು, ಮೂರ್ತಿಗಳು ಕೈಗೆಟಕುವ ದೂರದಲ್ಲಿವೆ. ಒಳಗಿನ ಮರದ ಕಂಬಗಳನ್ನೂ ನೋಡಿ. ಆಮೇಲೆ ಕೆಳದಿಗೆ ಹೋಗಿ, ಅಲ್ಲಿನ ದೇವಸ್ಥಾನದ ಮುಚ್ಚಿಗೆಯ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ. ನಾಲ್ಕು ಸಲ ನೋಡಿದ ಕಣ್ಣಿಗೆ ಅಂಗಡಿಯ ಸುಳ್ಳು ತಾನೇ ಕಾಣುತ್ತದೆ.

ಒಂದು ಕಷ್ಟದ ವಿಷಯವನ್ನೂ ಹೇಳಿಬಿಡುತ್ತೇನೆ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಜೀರ್ಣೋದ್ಧಾರ ಮಾಡುವಾಗ ಹಳೆಯ ಮೂರ್ತಿಯನ್ನು ಹೊಳೆಗೆ ಬಿಡುತ್ತಾರೆ, ಅಶ್ವತ್ಥ ಕಟ್ಟೆಯ ಮೇಲೆ ಇಡುತ್ತಾರೆ. ಹಳೆಯ ಬಾಗಿಲುಗಳನ್ನು ಸೌದೆಯ ಬೆಲೆಗೆ ಕೊಡುತ್ತಾರೆ. ಕಳ್ಳತನಕ್ಕೆ ಮೊದಲು ಸಿಗುವುದು ಇವೇ. ನಂಬಿಕೆಯ ಮೇಲೆ ಜಗಳ ಬೇಡ. ಆದರೆ ಕೆಲಸ ಶುರು ಮಾಡುವ ಮೊದಲು ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ, ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಫೋಟೋ ಇಲ್ಲದ ಮೂರ್ತಿ ಕಳೆದುಹೋದರೆ, ಅದು ನಮ್ಮ ಊರಿನದೇ ಎಂದು ಹೇಳಲು ಏನೂ ಉಳಿಯುವುದಿಲ್ಲ.

ಲೋಹದ ವಿಗ್ರಹಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಕ್ರಮದಲ್ಲಿ ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುತ್ತಿದ್ದರು. ಅಚ್ಚು ಒಡೆದರೇನೇ ಮೂರ್ತಿ ಹೊರಬರುವುದು. ಹಾಗಾಗಿ ಒಂದರಂತೆ ಇನ್ನೊಂದು ಇರದು. ಅಂಗಡಿಯಲ್ಲಿ ಒಂದೇ ಅಳತೆಯ, ಒಂದೇ ಕಡೆ ಮುಕ್ಕಾದ ನಾಲ್ಕು ಕೃಷ್ಣ ಇದ್ದರೆ ನಾಲ್ಕೂ ಹೊಸದು. ಹಸಿರು ಕಿಲುಬು ಒದ್ದೆ ಬಟ್ಟೆಗೆ ಸುಲಭವಾಗಿ ಬಿಟ್ಟುಬಂದರೆ ಅದೂ ಹಚ್ಚಿದ್ದೇ ಇರಬಹುದು.

ಹೊಸದನ್ನು ಹೊಸದೆಂದೇ ಕೊಳ್ಳಿ

ಮನೆಗೆ ಕೆತ್ತನೆ ಬೇಕು ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ದಾರಿ ಇದೆ. ಸಾಗರ, ಸೊರಬದ ಗುಡಿಗಾರರು. ಶ್ರೀಗಂಧದ ಕೆತ್ತನೆಗೆ ಹೆಸರಾದ ಮನೆತನಗಳು ಇವು. ಮದುವೆಗೆ ಬೆಂಡಿನ ಬಾಸಿಂಗ ಮಾಡುವ ಕೈಗಳೂ ಇವರದೇ. ಗೋರಂಟಿ ಎಲೆಯಷ್ಟು ಜಾಗದಲ್ಲಿ ಬಳ್ಳಿ, ಹೂವು, ಹಕ್ಕಿ ತರಬಲ್ಲವರು. ಗಂಧ ದುಬಾರಿಯಾದ ಮೇಲೆ ಶಿವನೆ ಮರದಂಥ ಮರಗಳಲ್ಲೂ ಕೆಲಸ ಮಾಡುತ್ತಾರೆ. ಮುನ್ನೂರು ವರ್ಷದ್ದು ಎಂಬ ಸುಳ್ಳಿಗೆ ಕೊಡುವ ದುಡ್ಡನ್ನು ಇವರ ಆರು ತಿಂಗಳ ದುಡಿಮೆಗೆ ಕೊಟ್ಟರೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಅದೇ ನಿಜವಾದ ಪುರಾತನ ವಸ್ತುವಾಗುತ್ತದೆ, ಅಲ್ವಾ?

ಗಂಧದ ಕೆತ್ತನೆ ಕೊಳ್ಳುವಾಗ ಒಂದು ಎಚ್ಚರ. ಪರಿಮಳ ಇರುವುದು ಮರದ ಒಳತಿರುಳಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ. ಬೇರೆ ಬಿಳಿ ಮರಕ್ಕೆ ಗಂಧದೆಣ್ಣೆ ಸವರಿ ಮಾರುವುದುಂಟು. ಸವರಿದ ವಾಸನೆ ಮೊದಲ ದಿನ ಮೂಗಿಗೆ ಹೊಡೆಯುತ್ತದೆ, ನಾಲ್ಕು ತಿಂಗಳಿಗೆ ಇಲ್ಲವಾಗುತ್ತದೆ. ನಿಜವಾದ ಗಂಧದ ಪರಿಮಳ ಮೆಲ್ಲಗೆ ಇರುತ್ತದೆ, ಬಹಳ ವರ್ಷ ಇರುತ್ತದೆ. ರಾಜ್ಯ ಕರಕುಶಲ ನಿಗಮದ ಕಾವೇರಿ ಮಳಿಗೆಯಲ್ಲೋ, ನೇರವಾಗಿ ಕುಶಲಕರ್ಮಿಯ ಹತ್ತಿರವೋ ಕೊಳ್ಳಿ. ಬಿಲ್ಲು ಜೋಪಾನವಾಗಿಡಿ.

ಕೊಂಡ ಮೇಲೆ ನಮ್ಮ ಮಳೆಗಾಲವನ್ನು ದಾಟಿಸಬೇಕು. ಹಳೆಯ ಮನೆಗಳಲ್ಲಿ ಒಲೆಯ ಹೊಗೆ ಮರಕ್ಕೆ ಹುಳು ಬಾರದಂತೆ ಕಾಯುತ್ತಿತ್ತು. ಈಗ ಹೊಗೆ ಇಲ್ಲ, ಗೋಡೆಗೆ ಮಾತ್ರ ತೇವ ಇದೆ. ಆದ್ದರಿಂದ ಕೆತ್ತನೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಬೆರಳು ಹೋಗುವಷ್ಟಾದರೂ ಗಾಳಿಯಾಡಲಿ. ಬೂಷ್ಟು ಹಿಡಿದರೆ ಒದ್ದೆ ಬಟ್ಟೆ ಬೇಡ, ಒಣ ಮೆತ್ತನೆ ಬ್ರಷ್ ಸಾಕು. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ತೆಳ್ಳಗೆ ಜೇನುಮೇಣ ತಿಕ್ಕಿ. ಆಯಿಲ್ ಪೇಂಟ್ ಹೊಡೆಯಲೇಬೇಡಿ. ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಇನ್ನೂ ಜೀವಂತ ಇದೆ, ಬೇರೆ ಮರದಿಂದ ದೂರ ಇಟ್ಟು ಮದ್ದು ಹಾಕಿಸಿ. ಹಳೆಯ ಲೋಹದ ವಿಗ್ರಹವನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕುವುದೂ ತಪ್ಪು. ವರ್ಷಗಳಿಂದ ಕಟ್ಟಿದ ಪದರ ಒಂದು ಬೆಳಿಗ್ಗೆಯಲ್ಲಿ ಹೋಗಿಬಿಡುತ್ತದೆ.

ದೊಡ್ಡಪ್ಪನ ಮಗ ಕೊನೆಗೆ ಆ ಮಿಲ್ಲಿನ ಮರದ ಕಂಬವನ್ನೇ ಕೊಂಡ. ಕೆಳದಿ ಅರಸರ ಬೆಲೆಗಲ್ಲ, ಒಳ್ಳೆಯ ಹಲಸಿನ ಮರದ ಬೆಲೆಗೆ. ಚೌಕಾಸಿ ಮುಗಿದ ಮೇಲೆ ಅಂಗಡಿಯವರೂ ನಿಜ ಹೇಳಿದರು. ತೀರ್ಥಹಳ್ಳಿ ಕಡೆಯ ಒಂದು ಮನೆಯದ್ದಂತೆ, ಅಣ್ಣತಮ್ಮಂದಿರು ಪಾಲಾದಾಗ ಬಿಚ್ಚಿದ್ದಂತೆ. ಊರಿನ ಹೆಸರನ್ನೂ ಕೊಟ್ಟರು. ಜೋಡಿಗೆ ಇನ್ನೊಂದು ಕಂಬವನ್ನು ಆಚಾರ್ರೇ ಹೊಸದಾಗಿ ಕೆತ್ತಿದರು. ಈಗ ಎರಡೂ ಕಂಬದ ಬೆನ್ನಿಗೆ ಒಂದೊಂದು ಚೀಟಿ ಇದೆ, ಪ್ಲಾಸ್ಟಿಕ್ ಹಾಳೆಯೊಳಗೆ. ಒಂದರಲ್ಲಿ ಆ ಊರು, ಮನೆ ಬಿಚ್ಚಿದ ಕಾರಣ, ಕೊಂಡ ದಿನ. ಇನ್ನೊಂದರಲ್ಲಿ ಆಚಾರ್ರ ಹೆಸರು, ಮರ ಯಾವುದು, ಕೆತ್ತಲು ಹಿಡಿದ ದಿನಗಳು. ಚೀಟಿ ಬರೆಯಲು ಕೂತಾಗ ಆಚಾರ್ರು ತಮ್ಮ ಹೆಸರಿನ ಕೆಳಗೆ ತಂದೆಯ ಹೆಸರನ್ನೂ ಬರೆಸಿದರು. ಕೆಲಸ ಕಲಿಸಿದ್ದು ಅವರಂತೆ.